ಆರನೆಯವಳನ್ನು ಟೀಮಿಗೆ ಸೇರಿಸಿದ್ದು: ನನ್ನ ಅನುಭವ

ನಾನೇ ಬರೆದು ತರುವ ಕಾಮಿಕ್ಸಿನ ಏಳನೇ ಸಂಚಿಕೆಯ 400 ಪ್ರತಿಯೂ ಖಾಲಿಯಾಗಿ ಮೊನ್ನೆ ಎರಡನೇ ಸಲ ಪ್ರಿಂಟ್ ಹಾಕಿಸಿದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಕತೆಯ ಐದು ಮಕ್ಕಳ ಟೀಮಿಗೆ ಇನ್ನೊಬ್ಬಳನ್ನು ಸೇರಿಸುತ್ತೇನೆ ಅಂದಾಗ, ಕಾಮಿಕ್ಸ್ ಮಾಡುವ ಗೆಳೆಯರು ಒಬ್ಬರೂ ಹೂಂ ಅನ್ನಲಿಲ್ಲ. ನಾನು ತುಂಬಾ ಗೌರವಿಸುವ ಹಿರಿಯ ಕಲಾವಿದರೊಬ್ಬರು, "ಅಮ್ಮಾ, ಐದು ಬೆರಳು ಸರಿಯಾಗಿವೆ, ಆರನೇದು ಯಾಕೆ ಬೇಕು" ಅಂದರು. ಅವರ ಮಾತು ಬಹಳ ದಿನ ಕೊರೆಯುತ್ತಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮದು ದಾವಣಗೆರೆ ಟೀಮು. ಹೈಸ್ಕೂಲ್ ಮಕ್ಕಳು, ಸೇರುವುದು ಮಂಡಕ್ಕಿ ಭಟ್ಟಿಯ ಹಿಂದಿನ ಶೆಡ್ಡಿನಲ್ಲಿ. ಗುಂಡನಿಗೆ ಬಲ ಜಾಸ್ತಿ. ಹಲ್ಲಿ ಅನ್ನುವವನು ಗೋಡೆ ಹತ್ತುತ್ತಾನೆ. ಅವಳಿಗಳಲ್ಲಿ ಒಬ್ಬ ನೋಡಿದ್ದು ಇನ್ನೊಬ್ಬನಿಗೂ ಕಾಣುತ್ತದೆ. ಮೌನಿ ಕೈಯೆತ್ತಿದರೆ ಸುತ್ತ ಹತ್ತಡಿ ಸದ್ದು ಸತ್ತುಹೋಗುತ್ತದೆ. 2019ರಿಂದ ತರುತ್ತಿದ್ದೇನೆ. ಎ5 ಸೈಜು, ಒಳಗೆ 24 ಪುಟ ಕಪ್ಪು-ಬಿಳುಪು, ಕವರ್ ಮಾತ್ರ ಕಲರ್, ಮಧ್ಯೆ ಎರಡು ಪಿನ್ನು, ಬೆಲೆ 60 ರೂಪಾಯಿ. ಸಂಚಿಕೆಗೆ 300-350 ಪ್ರತಿ ಹೋಗುತ್ತಿತ್ತು. ಹಗಲು ಡಿಟಿಪಿ ಕೆಲಸ, ಮದುವೆ ಕಾರ್ಡು, ಬಿಲ್ ಬುಕ್ಕು. ರಾತ್ರಿ ಹತ್ತರ ಮೇಲೆ ಇದು.

ಮೊದಲ ಸಲ ಸೋತದ್ದು ಹೇಳುತ್ತೇನೆ. ಹೊಸ ಹುಡುಗಿ ಬರುತ್ತಾಳೆ, ಐದೂ ಜನ ಸಿಕ್ಕಿಹಾಕಿಕೊಂಡಿರುತ್ತಾರೆ, ಅವಳೊಬ್ಬಳೇ ಎಲ್ಲರನ್ನೂ ಬಿಡಿಸುತ್ತಾಳೆ. ನನಗೆ ಅದು ಭರ್ಜರಿ ಪ್ರವೇಶ ಅನ್ನಿಸಿತ್ತು. 300 ಪ್ರತಿ ಹಾಕಿಸಿದೆ, ಒಂದಕ್ಕೆ 30 ರೂಪಾಯಿ ಆಸುಪಾಸು, ಅಂದರೆ ಒಂಬತ್ತು ಸಾವಿರ ಚಿಲ್ಲರೆ. ಹೋದದ್ದು 90 ಇರಬಹುದು. ಉಳಿದದ್ದು ಇನ್ನೂ ಅಟ್ಟದ ಮೇಲಿದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಮೊದಲ ಸಂಚಿಕೆಯಿಂದ ಬಿಡದೆ ಕೊಂಡವನು, ನನ್ನ ಟೇಬಲ್ಲಿಗೇ ಬಂದು "ಅಕ್ಕಾ, ನಮ್ಮ ಗುಂಡನ ಕೈಲಿ ಆಗಲ್ಲ ಅಂತ ತೋರಿಸಿಬಿಟ್ರಲ್ಲ" ಅಂದ. ಕೂಗಾಡಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅವತ್ತು ನನಗೆ ತಿಳಿಯಿತು, ಹೊಸಬಳನ್ನು ಎತ್ತರಿಸಲು ಹಳಬರ ಹೆಗಲು ತುಳಿಯಬಾರದು.

ಎರಡನೇ ಸಲ ಇಡೀ ಕತೆಯನ್ನು ಅವಳ ಕಣ್ಣಿಂದ ಹೇಳಿದೆ. ಈ ಸಲ ಪ್ರೆಸ್ಸಿಗೆ ಕೊಡಲಿಲ್ಲ, 30 ಜೆರಾಕ್ಸ್ ಡಮ್ಮಿ, ಅಂದರೆ ನಮೂನೆ ಪ್ರತಿ ಮಾಡಿ ಮಕ್ಕಳಿಗೆ ಹಂಚಿದೆ. ಇದನ್ನು ಎಲ್ಲರೂ ಮಾಡಿ, ಸಾವಿರ ರೂಪಾಯಿಯೊಳಗೆ ಬುದ್ಧಿ ಬರುತ್ತದೆ. ಹಳೇ ಓದುಗರು ಸಪ್ಪಗಾದರು. ಐದು ವರ್ಷದಿಂದ ಅವರು ಶೆಡ್ಡಿನ ಒಳಗೆ ಕೂತಿದ್ದವರು, ನಾನು ಹೊರಗೆ ನಿಲ್ಲಿಸಿ ಕಿಟಕಿಯಲ್ಲಿ ಇಣುಕಿ ಅಂದ ಹಾಗಾಯಿತು.

ಮೂರನೇದು ದ್ರೋಹದ ಕತೆ. ಹೊಸಬಳು ಶತ್ರು ಕಳಿಸಿದ ಗೂಢಚಾರಿಣಿ. ಇದು ಹಳೇ ದಾರಿ, ನಿಮಗೂ ಗೊತ್ತು. ಮಾರ್ವ್ ವುಲ್ಫ್‌ಮನ್, ಜಾರ್ಜ್ ಪೆರೆಜ್ ಟೀನ್ ಟೈಟನ್ಸ್ ಅನ್ನುವ ಅಮೆರಿಕನ್ ಕಾಮಿಕ್ಸಿಗೆ ಟೆರ್ರಾ ಅನ್ನುವ ಹುಡುಗಿಯನ್ನು ತಂದದ್ದು 1982ರಲ್ಲಿ, ಅವಳ ದ್ರೋಹದಿಂದ ಟೀಮ್ ಬಿದ್ದದ್ದು 1984ರಲ್ಲಿ. ಅದಕ್ಕೆ ಮುಂಚೆ ಇನ್ನೊಂದು ಅಮೆರಿಕನ್ ಕಾಮಿಕ್ಸ್ ಲೀಜನ್ ಆಫ್ ಸೂಪರ್-ಹೀರೋಸ್‌ನಲ್ಲಿ 1966ರಲ್ಲೇ ಒಂದೇ ಏಟಿಗೆ ನಾಲ್ಕು ಹೊಸಬರು ಬರುತ್ತಾರೆ, ಅದರಲ್ಲೊಬ್ಬ ದ್ರೋಹಿ. ಆ ಕತೆ ಬರೆದಾಗ ಜಿಮ್ ಶೂಟರ್‌ಗೆ ಹದಿಮೂರು ವರ್ಷ! ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಟೆರ್ರಾ ಕತೆ ಓದುಗರಿಗೆ ತಾಗಿದ್ದು ಅವಳು ತಿಂಗಳುಗಟ್ಟಲೆ ಅವರ ಜೊತೆ ಉಂಡು, ಜಗಳವಾಡಿ, ಬೇರು ಬಿಟ್ಟಿದ್ದಳು ಅಂತ. ನನ್ನ ಹತ್ತಿರ ಇದ್ದದ್ದು 24 ಪುಟ. ಪೆನ್ಸಿಲ್ಲಿನಲ್ಲಿ 16 ಪುಟ ಮುಗಿಸಿ ನನ್ನ ತಂಗಿಗೆ ತೋರಿಸಿದೆ. ಮೂರನೇ ಪುಟದಲ್ಲೇ "ಇವಳೇ ಕಳ್ಳಿ ಅಲ್ವಾ?" ಅಂದಳು. ಹರಿದು ಹಾಕಿದೆ. ಎರಡು ತಿಂಗಳ ರಾತ್ರಿ ಹೋಯಿತು.

ಆಮೇಲೆ ನಾಲ್ಕು ತಿಂಗಳು ಸುಮ್ನೆ ಇದ್ದೆ. ಆ ವರ್ಷ ಮೇ ತಿಂಗಳಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಎಸ್‌ಎಸ್‌ಎಲ್‌ಸಿ ಪಾಸಾದ. ಅಪ್ಪ ಅಮ್ಮ ಅವನನ್ನು ಪಿಯುಸಿಗೆ ಮೂಡುಬಿದಿರೆಗೆ ಕಳಿಸಿದರು, ಹಾಸ್ಟೆಲ್ಲು. ಅವನ ಕ್ರಿಕೆಟ್ ಟೀಮಿನವರು ಒಂದು ವಾರ ಆಡಲೇ ಇಲ್ಲ. ಎಂಟನೇ ದಿನ ಅವನ ಜಾಗಕ್ಕೆ ಪಕ್ಕದ ಬೀದಿಯವನೊಬ್ಬ ಬಂದ, ಯಾರೂ ಅವನಿಗೆ ಬ್ಯಾಟಿಂಗ್ ಕೊಡಲಿಲ್ಲ. ನಾನು ಟೆರೇಸಿನ ಮೇಲೆ ನಿಂತು ನೋಡುತ್ತಿದ್ದೆ. ಅಲ್ಲೇ ಸಿಕ್ಕಿತು.

ಗುಂಡನನ್ನು ಮೂಡುಬಿದಿರೆಗೆ ಕಳಿಸಿದೆ.

ಇದಕ್ಕೆ ಬೈಗುಳ ಬರುತ್ತದೆ ಅಂತ ಎಲ್ಲರೂ ಹೆದರಿಸಿದರು. ಯಾರಾದರೂ ಗುಂಡನಂಥವನನ್ನು ತೆಗೆಯುತ್ತಾರಾ ಅಂತ. ನಾನು 1980ರ ಎಕ್ಸ್-ಮೆನ್ ಕಾಮಿಕ್ಸ್ ತೆಗೆದು ತೋರಿಸಿದೆ. ಕ್ರಿಸ್ ಕ್ಲೇರ್‌ಮಾಂಟ್, ಜಾನ್ ಬರ್ನ್ ಇಬ್ಬರೂ ಹೊಸ ಹುಡುಗಿ ಕಿಟ್ಟಿ ಪ್ರೈಡ್‌ಳನ್ನು 129ನೇ ಸಂಚಿಕೆಯಲ್ಲಿ ಮುಖ ತೋರಿಸಿ, ಆಮೇಲೆ ಮನೆಗೆ ಕಳಿಸುತ್ತಾರೆ. 137ರಲ್ಲಿ ಟೀಮಿನ ಹಳಬಳು ಜೀನ್ ಗ್ರೇ ಸಾಯುತ್ತಾಳೆ. 138ರಲ್ಲಿ ಅವಳ ಮಣ್ಣು, ನಾಯಕ ಸೈಕ್ಲಾಪ್ಸ್ ಟೀಮ್ ಬಿಟ್ಟು ಹೊರಡುತ್ತಾನೆ, ಅದೇ ಸಂಚಿಕೆಯ ಕೊನೆಗೆ ಈ ಹುಡುಗಿ ಬಾಗಿಲಲ್ಲಿ ನಿಂತಿರುತ್ತಾಳೆ. ಸೂತಕದ ಮನೆಗೆ ಬಂದ ಹುಡುಗಿ. ಹದಿಮೂರೂವರೆ ವರ್ಷ. ನನಗೆ ಸಾವು ಬೇಕಿರಲಿಲ್ಲ. ನಮ್ಮೂರ ಮಕ್ಕಳಿಗೆ ಹಾಸ್ಟೆಲ್ಲೇ ಸಾಕು, ಅವರಿಗೆ ಆ ನೋವು ಗೊತ್ತು.

ಹೊಸಬಳು ಜಗಳೂರು ಕಡೆಯ ಹಳ್ಳಿಯವಳು. ಕಿವಿ ಚುರುಕು, ನೆಲದೊಳಗಿನ ನೀರಿನ ಸದ್ದೂ ಕೇಳುತ್ತದೆ. ಬರದ ಸೀಮೆ, ಊರವರು ಬೋರ್‌ವೆಲ್ ಪಾಯಿಂಟ್ ತೋರಿಸು ಅಂತ ಅವಳನ್ನು ಹೊಲ ಹೊಲ ಸುತ್ತಿಸಿ ಸುಸ್ತು ಮಾಡಿರುತ್ತಾರೆ. ಅತ್ತೆ ಮನೆಗೆ ಓದಲು ಬರುತ್ತಾಳೆ. ಟೀಮಿನವರು ಅವಳಿಗೆ ಇಟ್ಟ ಹೆಸರು ಕಿವಿ.

ಈಗ ನನ್ನ ಮುಖ್ಯ ಮಾತು. ಮೊದಲ ಮೂರು ಸಲವೂ ನಾನು ಕೇಳಿಕೊಂಡ ಪ್ರಶ್ನೆ, ಇವಳಿಂದ ಟೀಮಿಗೆ ಏನು ಉಪಯೋಗ ಅಂತ. ತಪ್ಪು ಪ್ರಶ್ನೆ. ಟೀಮಿನಲ್ಲಿ ಇವಳಿಗೆ ಯಾರು ಬೇಕು ಅಂತ ಕೇಳಿಕೊಂಡ ಮೇಲೆ ಕೆಲಸ ತಾನಾಗಿ ಓಡಿತು. ಎಲ್ಲವೂ ಕೇಳುವ ಹುಡುಗಿಗೆ ದಾವಣಗೆರೆ ನರಕ. ಲಾರಿ, ಹಾರ್ನು, ಭಟ್ಟಿಯ ಸದ್ದು, ಗೋಡೆಯಾಚೆ ಟೀಮಿನವರು ಅವಳ ಬಗ್ಗೆ ಆಡುವ ಮಾತು ಕೂಡ. ನಿದ್ದೆ ಇಲ್ಲ. ಮೌನಿ ಒಂದು ದಿನ ಯಾವುದೋ ಕೋಪಕ್ಕೆ ಕೈಯೆತ್ತುತ್ತಾಳೆ, ಸದ್ದು ಸಾಯುತ್ತದೆ, ಪಕ್ಕದಲ್ಲಿದ್ದ ಕಿವಿ ಮಂಡಕ್ಕಿ ಚೀಲಕ್ಕೆ ಒರಗಿ ಅಲ್ಲೇ ನಿದ್ದೆ ಹೋಗುತ್ತಾಳೆ. ಮೌನಿ ಕೈ ಇಳಿಸಲು ನೋಡುತ್ತಾಳೆ, ಅವಳ ಮುಖ ನೋಡುತ್ತಾಳೆ, ಕೈ ಹಾಗೇ ಹಿಡಿದು ನಿಲ್ಲುತ್ತಾಳೆ. ಎರಡು ಪುಟ, ಒಂದೂ ಮಾತಿಲ್ಲ. ಅದರಲ್ಲಿ ಕೈ ನೋಯುವುದನ್ನು ತೋರಿಸಲು ಒಂಬತ್ತು ಸಲ ಬರೆದೆ. ಮೊಣಕೈಗೆ ಇನ್ನೊಂದು ಕೈ ಆಸರೆ ಕೊಟ್ಟ ಮೇಲೆ ಸರಿಹೋಯಿತು. ನಾನು ಬರೆದ ಪುಟಗಳಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು, ಹೇಳಿಕೊಳ್ಳಲು ಸಂಕೋಚವಿಲ್ಲ.

ಇನ್ನೊಂದು, ಪೊಟ್ಟಣದ ವಿಷಯ. ಮೊದಲ ಸಂಚಿಕೆಯಿಂದಲೂ ಶೆಡ್ಡಿನಲ್ಲಿ ಐದು ಪೊಟ್ಟಣ ಮಂಡಕ್ಕಿ, ಮೇಲೊಂದೊಂದು ಮಿರ್ಚಿ ಇರುತ್ತದೆ. ಗುಂಡ ಹೋದ ಮೇಲೂ ಅಂಗಡಿಯವನು ರೂಢಿಯಲ್ಲಿ ಐದೇ ಕಟ್ಟಿಕೊಡುತ್ತಾನೆ. ಕಿವಿ ಬಂದು ಕೂತಿದ್ದಾಳೆ, ಐದನೇ ಪೊಟ್ಟಣ ಮಧ್ಯದಲ್ಲಿದೆ, ಯಾರೂ ಮುಟ್ಟುವುದಿಲ್ಲ, ಇವಳಿಗೂ ಕೊಡುವುದಿಲ್ಲ. ಕಾಗದಕ್ಕೆ ಮಿರ್ಚಿ ಎಣ್ಣೆ ಇಳಿದು ಕಲೆ ದೊಡ್ಡದಾಗುತ್ತಾ ಹೋಗುವುದನ್ನು ಮೂರು ಚೌಕದಲ್ಲಿ ತೋರಿಸಿದೆ. ಕಿವಿ ತನ್ನ ಡಬ್ಬಿಯಿಂದ ರೊಟ್ಟಿ ತೆಗೆದು ತಿನ್ನುತ್ತಾಳೆ. ಓದುಗರು ಮಾತಾಡಿದ್ದು ಹೊಡೆದಾಟದ ಪುಟಗಳ ಬಗ್ಗೆ ಅಲ್ಲ, ಇದರ ಬಗ್ಗೆ.

ಪರೀಕ್ಷೆ ಇಟ್ಟು ಸೇರಿಸಿಕೊಳ್ಳುವ ಕತೆ ಯಾಕೆ ಮಾಡಲಿಲ್ಲ ಅಂತ ಕೇಳಿದರು. ಲೀಜನ್‌ನವರು ಅದನ್ನು ಆಗಲೇ ಅರೆದು ಮುಗಿಸಿದ್ದಾರೆ. ಪರೀಕ್ಷೆಯಲ್ಲಿ ಬಿದ್ದವರದ್ದೇ ಒಂದು ಟೀಮ್ 1963ರಲ್ಲಿ ಕಟ್ಟಿದರು, ಅದು ನನಗೆ ಬಹಳ ಇಷ್ಟ. ಆದರೆ ಶೆಡ್ಡಿನಲ್ಲಿ ಕೂರುವ ಮಕ್ಕಳು ಪರೀಕ್ಷೆ ಇಡುವುದಿಲ್ಲ. ಮಾತಾಡಿಸದೆ ಬಿಡುತ್ತಾರೆ, ಅಷ್ಟೇ.

ಈಗ ದುಡ್ಡು ಕಳೆದದ್ದು. ಕಿವಿಗೆ ಕೇಳುವ ದೂರದ ಮಾತುಗಳನ್ನು ಚುಕ್ಕಿ ಗೆರೆಯ ಮಾತಿನ ಬಲೂನಿನಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಹಾಕಿದೆ. ಅಕ್ಷರದ ಅಳತೆ ಏಳು ಪಾಯಿಂಟು, ಬಣ್ಣ 40 ಪರ್ಸೆಂಟ್ ಕಪ್ಪು. ಸ್ಕ್ರೀನಿನಲ್ಲಿ ಚಂದ ಇತ್ತು. ಡಿಟಿಪಿಯವಳಾಗಿ ನನಗೆ ಗೊತ್ತಿರಬೇಕಿತ್ತು, ಬೂದು ಅಕ್ಷರ ಪ್ರಿಂಟಿನಲ್ಲಿ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಇಂಗ್ಲಿಷಿನಲ್ಲಿ ಹೇಗೋ ನಡೆಯುತ್ತದೆ, ಕನ್ನಡದಲ್ಲಿ ಒತ್ತಕ್ಷರವೇ ಮಾಯ. "ಹಳ್ಳಿ ಹುಡುಗಿ" ಹೋಗಿ "ಹಳಿ ಹುಡುಗಿ", "ಹೋಗಲೇ ಕತ್ತೆ" ಹೋಗಿ "ಹೋಗಲೇ ಕತೆ". 150 ಪ್ರತಿ ಆದ ಮೇಲೆ ನೋಡಿದೆ. ಪ್ರೆಸ್ಸಿನವರದು ತಪ್ಪಲ್ಲ, ದುಡ್ಡು ಪೂರ್ತಿ ಕೊಟ್ಟೆ, ನಾಲ್ಕೂವರೆ ಸಾವಿರ. ಈಗ ಪಿಸುಮಾತು ಒಂಬತ್ತು ಪಾಯಿಂಟಿಗಿಂತ ಕೆಳಗಿಲ್ಲ, ಪೂರಾ ಕಪ್ಪು, ಬಲೂನಿನ ಗೆರೆ ಮಾತ್ರ ತೆಳ್ಳಗೆ. ಸಾಲಿನ ನಡುವೆ ಇಂಗ್ಲಿಷಿಗಿಂತ ಧಾರಾಳವಾಗಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ನಾನು ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಅಕ್ಷರ ಹಾಕುವುದನ್ನೇ ಬಿಟ್ಟೆ, ಬೇರೆ ಸಾಫ್ಟ್‌ವೇರಾದ ಇಂಕ್‌ಸ್ಕೇಪ್‌ನಲ್ಲಿ "ಬಲೂ ತಮ್ಮ" ಅನ್ನುವ ಕನ್ನಡ ಫಾಂಟ್ ಹಾಕಿ, ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿ, ಅಂದರೆ ಔಟ್‌ಲೈನ್ ಮಾಡಿ ತರುತ್ತೇನೆ. ಬಲೂನಿನ ಬಾಲ ಗೋಡೆ ದಾಟಿ ಬಂದ ಹಾಗೆ ಕಾಣುತ್ತದಲ್ಲ, ಅದನ್ನು ಹೇಗೆ ಮಾಡಿದೆ ಅಂತ ಬಹಳ ಜನ ಕೇಳಿದ್ದಾರೆ. ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಮಧ್ಯೆ ಬೇರೆ ಪ್ರಯೋಗವೂ ಮಾಡಿದೆ. ಆರೂ ಜನರ ಆಕಾರ ಕಪ್ಪು ರಟ್ಟಿನಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿ, ಹತ್ತಡಿ ದೂರದಿಂದ ಅಕ್ಕನ ಮಗಳಿಗೆ ಯಾರ್ಯಾರು ಅಂತ ಕೇಳಿದೆ. ಕಿವಿ, ಮೌನಿ ಇಬ್ಬರಿಗೂ ಎರಡು ಜಡೆ ಇತ್ತು, ಅವಳಿಗೆ ಗೊತ್ತಾಗಲಿಲ್ಲ. ಕಿವಿಗೆ ಒಂದೇ ಜಡೆ, ಹೆಗಲಿಗೆ ಅಗಲವಾದ ಗೊಬ್ಬರದ ಚೀಲದ ಬ್ಯಾಗು ಕೊಟ್ಟೆ, ಆಮೇಲೆ ತಪ್ಪಲಿಲ್ಲ. ಅವಳ ಬ್ಯಾಗಿಗೆ ಮಾತ್ರ ಕೆಂಪು ಬಣ್ಣ ಹಾಕಿ ಎರಡು ಬಣ್ಣದ ಪ್ರಿಂಟ್ ಮಾಡಿಸೋಣ ಅಂತ ವಿಚಾರಿಸಿದೆ, ಪ್ರತಿಗೆ ಎಂಟೊಂಬತ್ತು ರೂಪಾಯಿ ಜಾಸ್ತಿ ಅಂದರು, ಬಿಟ್ಟೆ. ಒಂದೇ ಎ4 ಹಾಳೆ ಮಡಿಸಿ ಎಂಟು ಪುಟದ ಪುಟಾಣಿ ಕತೆ ಮಾಡಿದೆ, ಕಿವಿ ಬಸ್ಸಿನಲ್ಲಿ ದಾವಣಗೆರೆಗೆ ಬರುವುದು ಅಷ್ಟೇ. 200 ಜೆರಾಕ್ಸ್, ಒಂದಕ್ಕೆ ಒಂದೂವರೆ ರೂಪಾಯಿ. ಬಸ್ ಸ್ಟ್ಯಾಂಡ್ ಹತ್ತಿರದ ಪುಸ್ತಕದಂಗಡಿಯಲ್ಲಿ ಫ್ರೀ ಇಟ್ಟೆ. ಅದನ್ನು ಹಿಡಿದುಕೊಂಡು ಪುಸ್ತಕ ಕೇಳಿ ಬಂದವರು ಹದಿನೈದಿಪ್ಪತ್ತು ಜನ. 300 ರೂಪಾಯಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ನನಗೆ ಸಿಕ್ಕಿಲ್ಲ.

ಗಮನಿಸಿದವರು ಕಡಿಮೆ, ಕಿವಿ ಏಳನೇ ಸಂಚಿಕೆಗೆ ಮೊದಲೇ ಒಂದು ಕಡೆ ಇದ್ದಾಳೆ. ನಾಲ್ಕನೇ ಸಂಚಿಕೆ ಮರುಮುದ್ರಣ ಮಾಡುವಾಗ ಒಂದು ಚೌಕದಲ್ಲಿ ಸೇರಿಸಿದೆ. ಪುಟ ಹೇಳುವುದಿಲ್ಲ, ಹುಡುಕಿ.

ಲೆಕ್ಕ ಕೇಳಿದರೆ, ಸೋತ ಮೂರು ಪ್ರಯತ್ನ ಮತ್ತು ಕೆಟ್ಟ 150 ಪ್ರತಿ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಯಿತು, ಮಾರಿದ 90 ಪ್ರತಿಯ ದುಡ್ಡು ಕಳೆದರೂ ಎಂಟೊಂಬತ್ತು ಸಾವಿರ ಕೈಬಿಟ್ಟಿತು. ಸರಿಯಾದ 400 ಎರಡು ತಿಂಗಳಲ್ಲಿ ಹೋದವು. ಅಂಗಡಿ ಕಮಿಷನ್ ತೆಗೆದರೂ ಆ ಹಳ್ಳ ಈಗ ಹೆಚ್ಚುಕಡಿಮೆ ತುಂಬಿದೆ. ಆರು ಬೆರಳಿನ ಮಾತು ಹೇಳಿದ ಹಿರಿಯರು ಫೋನ್ ಮಾಡಿ ಐದು ಪ್ರತಿ ತರಿಸಿಕೊಂಡರು, ದುಡ್ಡು ಕೊಟ್ಟೇ. ಟೇಬಲ್ಲಿನ ಮುಂದೆ ಕಣ್ಣೀರು ಹಾಕಿದ ಹುಡುಗನೂ ಬಂದಿದ್ದ. ಈಗ ಅವನೂ ಪಿಯುಸಿ. ಗುಂಡ ಯಾವಾಗ ಬರುತ್ತಾನೆ ಅಂತ ಕೇಳಿದ.

ದಸರಾ ರಜೆಗೆ ಬರುತ್ತಾನೆ, ಎಂಟನೇ ಸಂಚಿಕೆಯಲ್ಲಿ. ಆರೂ ಜನ ಮೊದಲ ಸಲ ಒಂದೇ ಚೌಕದಲ್ಲಿ ಕೂರಬೇಕು, ಎ5 ಪುಟದಲ್ಲಿ ಗುಂಡನ ಭುಜಕ್ಕೇ ಅರ್ಧ ಜಾಗ ಬೇಕು. ಎರಡು ವಾರದಿಂದ ಅದನ್ನೇ ಬರೆಯುತ್ತಿದ್ದೇನೆ. ಹಲ್ಲಿಯನ್ನು ಮೇಲೆ ತೊಲೆಗೆ ಅಂಟಿಸಿದರೆ ಆಗಬಹುದು ಅನ್ನಿಸುತ್ತಿದೆ.