ಮಳೆ ನಕ್ಷೆಗೆ ಅರ್ಧ ಗಂಟೆ, ತಾಲ್ಲೂಕಿನ ಹೆಸರಿಗೆ ಎರಡು ದಿನ

ತಾಲ್ಲೂಕುವಾರು ಮಳೆ ನಕ್ಷೆ ಮಾಡುವುದು ಕಷ್ಟವೇನಲ್ಲ. ಅಂಕಿಅಂಶ ಸರಿಯಾಗಿ ಕೂತರೆ, ನಕ್ಷೆ ಮಾಡಿಕೊಡುವ ವೆಬ್ ಸಾಧನ ಡೇಟಾರ‍್ಯಾಪರ್‌ನಲ್ಲಿ ಅರ್ಧ ಗಂಟೆಯ ಕೆಲಸ. ಸಮಯ ತಿನ್ನುವುದೆಲ್ಲ ಅದಕ್ಕಿಂತ ಮುಂಚೆ, ತಾಲ್ಲೂಕಿನ ಹೆಸರುಗಳನ್ನು ಹೊಂದಿಸುವಲ್ಲಿ. 2023ರ ಮುಂಗಾರಿನ ಲೆಕ್ಕಕ್ಕೆ ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಜ್ಯದ ವಾಡಿಕೆ ಮಳೆ 852 ಮಿ.ಮೀ., ಬಿದ್ದದ್ದು 642 ಮಿ.ಮೀ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

ಮಳೆ ವರದಿ ಹೆಚ್ಚಾಗಿ ಸಿಗುವುದು ಪಿಡಿಎಫ್‌ನಲ್ಲಿ. ಅಕ್ಷರಗಳನ್ನು ಮೌಸ್‌ನಿಂದ ಆಯ್ಕೆ ಮಾಡಲು ಬಂದರೆ ಪಿಡಿಎಫ್‌ನಿಂದ ಕೋಷ್ಟಕ ಹೊರತೆಗೆಯುವ ತಂತ್ರಾಂಶ ಟಬುಲಾ ಸಾಕು. ಕೋಷ್ಟಕದ ಸುತ್ತ ಚೌಕ ಎಳೆದು ಸಿಎಸ್‌ವಿ (ಸರಳ ಕೋಷ್ಟಕದ ಕಡತ) ಇಳಿಸಿಕೊಳ್ಳಬಹುದು. ಸ್ಕ್ಯಾನ್ ಮಾಡಿದ ಪುಟವಾದರೆ, ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಕೊಡುತ್ತೇನೆ, ಆದರೆ ಅಂಕಿಗಳನ್ನು ಮಾತ್ರ ಅದರಿಂದ ತೆಗೆದುಕೊಂಡು ಹೆಸರುಗಳನ್ನು ಕೈಯಲ್ಲೇ ಟೈಪ್ ಮಾಡುತ್ತೇನೆ. ಒತ್ತಕ್ಷರ ತಿದ್ದುತ್ತಾ ಕೂರುವುದಕ್ಕಿಂತ ಅದೇ ಬೇಗ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನ ಕಡತವಾದರೆ ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವೊತ್ತು ಇರುವ ಪದಗಳನ್ನು ಮಾತ್ರ ಇನ್ನೊಮ್ಮೆ ನೋಡುತ್ತೇನೆ. ಕೆಡುವುದು ಹೆಚ್ಚಾಗಿ ಅಲ್ಲೇ.

ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಗೀಚಿದ ಹಾಗೆ ಕಾಣುವುದುಂಟು. ಖಾಲಿ ಹಾಳೆ ತೆರೆದು ಡೇಟಾ ಮೆನುವಿನಿಂದ ಆಮದು ಮಾಡಿ, ಅಕ್ಷರ ಸಂಕೇತ ಕ್ರಮವಾಗಿ ಯುಟಿಎಫ್-8 ಆರಿಸಿದರೆ ಸರಿಹೋಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಈ ರಗಳೆ ಇಲ್ಲ.

ಇನ್ನು ಹೆಸರುಗಳು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದ ಕಂಪ್ಯೂಟರಿಗೆ ಬೇರೆ ಬೇರೆಯಾಗಿರಬಹುದು. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಟೈಪ್ ಮಾಡಿದವರಿಗೆ ದುಂಡಗಿನ ಗುರುತು ಸಿಕ್ಕಿತು, ಸಾಕಾಯಿತು. ಎರಡು ಪಟ್ಟಿಗಳನ್ನು ಹೆಸರಿನಿಂದ ಜೋಡಿಸುವ ಲುಕಪ್ ಸೂತ್ರಕ್ಕೆ ಸಾಕಾಗುವುದಿಲ್ಲ, ಆ ಸಾಲು ಖಾಲಿ ಬರುತ್ತದೆ. ಹಾಗಾಗಿ ಹೆಸರಿನ ಕಾಲಂನಲ್ಲಿ ಅಂಕಿ ಸೊನ್ನೆಯನ್ನು ಹುಡುಕಿ ಅನುಸ್ವಾರಕ್ಕೆ ಬದಲಿಸುವುದು ನನ್ನ ಮೊದಲ ಹೆಜ್ಜೆ. ಹೆಸರಿನ ಕಾಲಂ ಒಂದರಲ್ಲೇ, ಇಡೀ ಹಾಳೆಯಲ್ಲಲ್ಲ. ಕೊಪ್ಪಳದ ‘ಕೊ’ ಕೂಡ ಹೀಗೆಯೇ: ಅದರ ಒಕಾರ ಕೆಲವು ಕಡತಗಳಲ್ಲಿ ಒಂದೇ ಸಂಕೇತ, ಕೆಲವುದರಲ್ಲಿ ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಒಂದಾಗಿಸುವ) ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ. ಜೊತೆಗೆ ಪದದ ಒಳಗೆ ಅಡಗಿದ ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕಗಳನ್ನೂ ಕೊನೆಯ ಸ್ಪೇಸ್‌ಗಳನ್ನೂ ತೆಗೆಯಬೇಕು.

ಇಂಗ್ಲಿಷ್ ಕಾಗುಣಿತದ ಪಟ್ಟಿಗಳನ್ನು ಅಂಕಿಅಂಶ ಶುಚಿ ಮಾಡುವ ಓಪನ್‌ರಿಫೈನ್‌ನ ಕ್ಲಸ್ಟರ್ (ಹೋಲುವ ಪದಗಳನ್ನು ಗುಂಪು ಮಾಡುವ) ಸೌಲಭ್ಯದಲ್ಲಿ ಹೊಂದಿಸಬಹುದು. ಆದರೆ ‘ಎಲ್ಲವನ್ನೂ ಆರಿಸು’ ಗುಂಡಿಯನ್ನು ಮುಟ್ಟಲೇಬಾರದು. ಶಿರಹಟ್ಟಿಯ ಎರಡು ಕಾಗುಣಿತಗಳನ್ನು ಒಂದು ಮಾಡುವ ಅದೇ ತಂತ್ರ, ಒಂದೇ ಅಕ್ಷರ ಹೆಚ್ಚುಕಡಿಮೆ ಇರುವ ಕೊಪ್ಪ ಮತ್ತು ಕೊಪ್ಪಳವನ್ನೂ ಒಂದು ಮಾಡಬಹುದು. ಒಂದು ಚಿಕ್ಕಮಗಳೂರಿನ ಮಲೆನಾಡು, ಇನ್ನೊಂದು ಬಯಲುಸೀಮೆ. ಕೊಪ್ಪದ ಮಳೆ ಕೊಪ್ಪಳದ ಸಾಲಿಗೆ ಬಿದ್ದರೆ ಬರದ ವರ್ಷದಲ್ಲೂ ಕೊಪ್ಪಳ ಕಡುನೀಲಿಯಾಗಿ ಕಾಣುತ್ತದೆ! ಶಿರಾ ಮತ್ತು ಶಿರಸಿ, ಚನ್ನಪಟ್ಟಣ ಮತ್ತು ಚನ್ನರಾಯಪಟ್ಟಣ ಇದೇ ಜಾತಿಯ ಜೋಡಿಗಳು.

ಇದಕ್ಕೆಲ್ಲ ಮದ್ದು ಕೋಡ್. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ತಾಲ್ಲೂಕಿಗೂ ಒಂದು ಸಂಖ್ಯೆ ಇದೆ. ಒಂದು ಹಾಳೆಯಲ್ಲಿ ಕೋಡ್, ಪ್ರಮಾಣಿತ ಕನ್ನಡ ಹೆಸರು, ಜಿಲ್ಲೆ ಇಟ್ಟು, ಪಕ್ಕದಲ್ಲಿ ಕಂಡ ಪರ್ಯಾಯ ರೂಪಗಳನ್ನೆಲ್ಲ ಸೇರಿಸುತ್ತಾ ಹೋಗುತ್ತೇನೆ: ಎಚ್.ಡಿ. ಕೋಟೆ, ಹೆಗ್ಗಡದೇವನಕೋಟೆ, ಎಚ್‌.ಡಿ.ಕೋಟೆ. 2014ರ ನವೆಂಬರ್ 1ಕ್ಕೆ ಮೊದಲಿನ ಕಡತಗಳಲ್ಲಿ ಗುಲ್ಬರ್ಗ, ಬಿಜಾಪುರ, ಬೆಳಗಾಂ ಇರುತ್ತವೆ, ಅವೂ ಸೇರಬೇಕು. ಹೊಸ ಕಡತ ಬಂದಾಗ ಮೊದಲು ಈ ಹಾಳೆಯಿಂದ ಕೋಡ್ ಹಚ್ಚಿ, ಆಮೇಲಿನ ಕೆಲಸವನ್ನೆಲ್ಲ ಕೋಡ್ ಮೇಲೆಯೇ ಮಾಡುತ್ತೇನೆ. ಜಿಲ್ಲೆಯ ಹೆಸರನ್ನು ಹೊಂದಾಣಿಕೆಗೆ ಬಳಸುವುದಿಲ್ಲ. ಹರಪನಹಳ್ಳಿಯನ್ನೇ ನೋಡಿ: 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆ, ಆಮೇಲೆ ಬಳ್ಳಾರಿ, 2021ರಿಂದ ವಿಜಯನಗರ.

ಗಡಿರೇಖೆಯದು ಬೇರೆಯೇ ಪಾಡು. ಸುಲಭವಾಗಿ ಸಿಗುವ ಶೇಪ್‌ಫೈಲ್‌ಗಳು (ನಕ್ಷೆಯ ಗಡಿ ಕಡತಗಳು) 2011ರ ಜನಗಣತಿಯವು, ಅವುಗಳಲ್ಲಿ 176 ತಾಲ್ಲೂಕು. ಮಳೆ ಪಟ್ಟಿಯಲ್ಲಿ 236. ಹೆಬ್ರಿ, ಕಳಸ, ಹನೂರು, ಸರಗೂರು, ಗುರುಮಠಕಲ್‌ಗಳಿಗೆ ಅಂಕಿ ಇರುತ್ತದೆ, ಜಾಗ ಇರುವುದಿಲ್ಲ. ಹೊಸ ತಾಲ್ಲೂಕನ್ನು ಹಳೆಯ ತಾಯಿ ತಾಲ್ಲೂಕಿಗೆ ಸೇರಿಸಿಬಿಡೋಣ ಎಂದರೆ, ಪುತ್ತೂರು ಮತ್ತು ಸುಳ್ಯ ಎರಡರಿಂದಲೂ ಗ್ರಾಮ ಪಡೆದ ಕಡಬವನ್ನು ಎಲ್ಲಿಗೆ ಸೇರಿಸುವುದು? ನಾನು ಗ್ರಾಮ ಗಡಿಗಳ ಪದರ ತೆಗೆದುಕೊಂಡು, ಪ್ರತಿ ಗ್ರಾಮಕ್ಕೆ ಈಗಿನ ತಾಲ್ಲೂಕು ಕೋಡ್ ಹಚ್ಚಿ, ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಡಿಸಾಲ್ವ್ ಮಾಡುತ್ತೇನೆ, ಅಂದರೆ ಒಂದೇ ಕೋಡ್‌ನ ಗ್ರಾಮಗಳನ್ನು ಒಂದೇ ಆಕೃತಿಯಾಗಿ ಬೆಸೆಯುತ್ತೇನೆ. ಬೇಜಾರಿನ ಕೆಲಸ, ಆದರೆ ಒಮ್ಮೆ ಮಾಡಿಟ್ಟರೆ ಚುನಾವಣೆಯಿಂದ ಪರೀಕ್ಷಾ ಫಲಿತಾಂಶದವರೆಗೆ ಬರುತ್ತದೆ. ಕಡತವನ್ನು ಕಿರಿದು ಮಾಡಲು ಮ್ಯಾಪ್‌ಶೇಪರ್ ಬಳಸಿ. ಕ್ಯೂಜಿಐಎಸ್‌ನ ಸಾಮಾನ್ಯ ಸಿಂಪ್ಲಿಫೈ ಪ್ರತಿ ಆಕೃತಿಯನ್ನು ಬೇರೆ ಬೇರೆ ಸವರುವುದರಿಂದ ಅಕ್ಕಪಕ್ಕದ ತಾಲ್ಲೂಕುಗಳ ನಡುವೆ ಬಿಳಿ ಸೀಳು ಬೀಳುತ್ತದೆ. ಮ್ಯಾಪ್‌ಶೇಪರ್ ಜಂಟಿ ಗಡಿಯನ್ನು ಒಂದೇ ಗೆರೆಯಾಗಿ ನೋಡುತ್ತದೆ. ಗಡಿಯ ಬಿಂದುಗಳನ್ನು ಹತ್ತು ಪರ್ಸೆಂಟ್‌ಗೆ ಇಳಿಸಿ, ಡಬ್ಲ್ಯುಜಿಎಸ್ 84 ಅಕ್ಷಾಂಶ-ರೇಖಾಂಶ ಪದ್ಧತಿಯಲ್ಲಿ ಟೋಪೋಜೇಸನ್ ಕಡತ ಮಾಡಿಕೊಂಡರೆ ಮೊಬೈಲ್‌ನಲ್ಲಿ ತಡವರಿಸುವುದಿಲ್ಲ.

ಲೆಕ್ಕದಲ್ಲಿ ಎಡವುವ ಜಾಗ ಮೂರು. ಖಾಲಿ ಕೋಶ ಅಥವಾ ಅಡ್ಡಗೆರೆ ಎಂದರೆ ಮಳೆ ಬಂದಿಲ್ಲ ಎಂದಲ್ಲ, ಮಾಪನ ಸಿಕ್ಕಿಲ್ಲ ಎಂದು. ಅದನ್ನು ಸೊನ್ನೆ ಮಾಡಿದರೆ ಇಲ್ಲದ ಕೊರತೆ ಹುಟ್ಟುತ್ತದೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಆದ್ದರಿಂದ ಜುಲೈ 1ರ ಸಾಲಿನಲ್ಲಿರುವುದು ಹೆಚ್ಚಾಗಿ ಜೂನ್ 30ರ ಮಳೆ. ಮೂರನೆಯದು ಶೇಕಡಾವಾರುಗಳ ಸರಾಸರಿ, ಸುದ್ದಿ ಡೆಸ್ಕ್‌ಗಳಲ್ಲಿ ನಿತ್ಯ ನಡೆಯುವ ತಪ್ಪು. ಒಂದು ತಾಲ್ಲೂಕಿನ ವಾಡಿಕೆ 3,000 ಮಿ.ಮೀ., ಬಿದ್ದದ್ದು 2,400: ಶೇ 20 ಕಡಿಮೆ. ಇನ್ನೊಂದರ ವಾಡಿಕೆ 400, ಬಿದ್ದದ್ದು 480: ಶೇ 20 ಹೆಚ್ಚು. ಸರಾಸರಿ ತೆಗೆದರೆ ಸೊನ್ನೆ, ಎಲ್ಲ ಸುಭಿಕ್ಷ! ಎರಡಕ್ಕೂ ಒಂದೇ ವಿಸ್ತೀರ್ಣ ಎಂದುಕೊಂಡು ಮಿಲಿಮೀಟರ್‌ಗಳನ್ನು ಕೂಡಿ ಲೆಕ್ಕ ಹಾಕಿದರೆ 3,400ಕ್ಕೆ 2,880, ಅಂದರೆ ಶೇ 15 ಕಡಿಮೆ. ನಿಜವಾದ ಜಿಲ್ಲಾ ಲೆಕ್ಕದಲ್ಲಿ ಪ್ರತಿ ತಾಲ್ಲೂಕಿನ ಮಿಲಿಮೀಟರನ್ನು ಅದರ ವಿಸ್ತೀರ್ಣದಿಂದ ಗುಣಿಸಿಕೊಂಡೇ ಕೂಡಬೇಕು.

ಬಣ್ಣಕ್ಕೆ ಹವಾಮಾನ ಇಲಾಖೆಯ ವರ್ಗಗಳನ್ನೇ ಇಟ್ಟುಕೊಳ್ಳುತ್ತೇನೆ. ವಾಡಿಕೆಗಿಂತ ಶೇ 19ರವರೆಗೆ ಹೆಚ್ಚು ಅಥವಾ ಕಡಿಮೆ ಇದ್ದರೆ ಸಾಮಾನ್ಯ, ಬೂದು. 20ರಿಂದ 59 ಕಡಿಮೆಯಾದರೆ ಕೊರತೆ, ಕಂದು. 60 ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ ತೀವ್ರ ಕೊರತೆ, ಕಡುಕಂದು. ಹೆಚ್ಚಳದ ಕಡೆಗೆ ಇದೇ ಅಳತೆಯಲ್ಲಿ ನೀಲಿ. ಕೆಂಪು-ಹಸಿರು ಜೋಡಿ ಬೇಡ, ಬಣ್ಣಗುರುಡು ಇರುವ ಹೆಚ್ಚಿನವರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಮಿಲಿಮೀಟರ್ ಲೆಕ್ಕದಲ್ಲೇ ಬಣ್ಣ ಕೊಟ್ಟರೆ ಕರಾವಳಿ ಯಾವ ವರ್ಷವೂ ಕಡುನೀಲಿ, ಚಿತ್ರದುರ್ಗ ಯಾವ ವರ್ಷವೂ ಪೇಲವ. ಅಂಥ ನಕ್ಷೆ ಭೂಗೋಳದ ಪಾಠ, ಸುದ್ದಿಯಲ್ಲ.

ಮಳೆ ಕೊರತೆಯ ನಕ್ಷೆಗೆ ‘ಬರ’ ಎಂಬ ಶೀರ್ಷಿಕೆ ಕೊಡಬೇಡಿ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮಳೆ ಕೊರತೆ ಮತ್ತು ಒಣ ಅವಧಿ ಮೊದಲ ಮೆಟ್ಟಿಲು ಮಾತ್ರ. ಬಿತ್ತನೆ, ಮಣ್ಣಿನ ತೇವಾಂಶ, ಬೆಳೆಯ ಉಪಗ್ರಹ ಸೂಚ್ಯಂಕ, ನೀರಿನ ಲಭ್ಯತೆ ನೋಡಿ, ಹೊಲಗಳ ಪರಿಶೀಲನೆ ಆದ ಮೇಲೆ ಘೋಷಣೆ. ಎರಡೂ ಬೇಕಾದರೆ ಎರಡು ನಕ್ಷೆ ಮಾಡಬೇಕು.

ಪ್ರಕಟಿಸುವ ಮುಂಚೆ ಬೀದರ್, ಮಡಿಕೇರಿ, ಕೊಪ್ಪ, ಕೊಪ್ಪಳ, ಹನೂರು ಈ ಐದನ್ನು ಮೂಲ ಪಿಡಿಎಫ್ ಜೊತೆ ಕೈಯಲ್ಲಿ ತಾಳೆ ನೋಡುತ್ತೇನೆ. ಫೋನಿನ ಪರದೆಯಲ್ಲಿ ಸಣ್ಣ ತಾಲ್ಲೂಕನ್ನು ಬೆರಳಿಂದ ಒತ್ತಲು ಆಗುವುದಿಲ್ಲ, ಹಾಗಾಗಿ ನಕ್ಷೆಯ ಕೆಳಗೆ ಹುಡುಕು ಪೆಟ್ಟಿಗೆ ಇರುವ ಕೋಷ್ಟಕವೂ ಬೇಕೇ ಬೇಕು. ಆ ಪರ್ಯಾಯ ಹೆಸರುಗಳ ಕಾಲಂ ಅಲ್ಲಿ ಇನ್ನೊಮ್ಮೆ ಕೆಲಸಕ್ಕೆ ಬರುತ್ತದೆ: ‘ಎಚ್.ಡಿ. ಕೋಟೆ’ ಎಂದು ಹುಡುಕಿದವರಿಗೂ ‘ಹೆಗ್ಗಡದೇವನಕೋಟೆ’ ಎಂದು ಹುಡುಕಿದವರಿಗೂ ಒಂದೇ ಸಾಲು ಸಿಗಬೇಕು.