ಕಾರ್ಡಿನಲ್ಲಿ ಗೆರೆ, ರಕ್ತದಲ್ಲಿ ವೈರಸ್ ಇಲ್ಲ: ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಲ್ಯಾಬ್. ಆಪರೇಷನ್‌ಗೆ ಮುಂಚಿನ ಟೆಸ್ಟ್‌ಗಳೇ ಜಾಸ್ತಿ. ಎಚ್‌ಸಿವಿ ಅಂದರೆ ಲಿವರ್‌ಗೆ ಕಾಯಿಲೆ ತರುವ ಹೆಪಟೈಟಿಸ್ ಸಿ ವೈರಸ್. ಅದರ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿ ರಕ್ತದಲ್ಲಿದ್ದರೆ ಟೆಸ್ಟ್ ಕಾರ್ಡಿನಲ್ಲಿ ಗೆರೆ ಬರುತ್ತದೆ. ಗೆರೆ ಬಂದರೆ 'ಪಾಸಿಟಿವ್' ಅಂತ ಬರೆದು ಕೊಡುತ್ತಿದ್ದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಐದಾರು ವರ್ಷದ ಹಿಂದೆ ಗುಳೇದಗುಡ್ಡದಿಂದ ಒಬ್ಬ ಅಮ್ಮ ಬಂದರು. ಅರವತ್ತರ ಹತ್ತಿರ ವಯಸ್ಸು, ಗರ್ಭಕೋಶದ ಆಪರೇಷನ್. ದಪ್ಪ ಗೆರೆ ಬಂತು. ಒಂದು ಕಡೆ ಆಪರೇಷನ್ ಆಗಲ್ಲ ಅಂದರಂತೆ. ಇನ್ನೊಂದು ಕಡೆ ಎಂಟು ಸಾವಿರ ಜಾಸ್ತಿ ಕೇಳಿದರಂತೆ. ವಾಪಸ್ ಬಂದು "ಸರ, ನನಗ ಏನ್ ಆಗೇತ್ರೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಚಿಕೆಯಾಯಿತು. ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪಿಸಿಆರ್ ಟೆಸ್ಟ್‌ಗೆ ಆಗ ಎರಡೂವರೆ ಸಾವಿರ ಇರಬೇಕು, ನನ್ನ ಜೇಬಿನಿಂದಲೇ ಹಾಕಿ ಕಳಿಸಿದೆ. ವೈರಸ್ ಸಿಗಲಿಲ್ಲ! ಕೇಳಿದರೆ, ಮೂರನೇ ಹೆರಿಗೆಯಲ್ಲಿ ರಕ್ತ ಹಾಕಿದ್ದರಂತೆ. 2001ಕ್ಕೆ ಮುಂಚೆ ದಾನದ ರಕ್ತಕ್ಕೆ ಈ ಟೆಸ್ಟ್ ಕಡ್ಡಾಯವೇ ಇರಲಿಲ್ಲ ಅಲ್ವಾ. ನೂರರಲ್ಲಿ 15ರಿಂದ 45 ಜನರಿಗೆ ಔಷಧವಿಲ್ಲದೆ ಆರು ತಿಂಗಳೊಳಗೆ ವೈರಸ್ ತಾನಾಗೇ ಹೋಗುತ್ತದೆ. ಆಂಟಿಬಾಡಿಯ ಗೆರೆ ಮಾತ್ರ ಉಳಿಯುತ್ತದೆ.

ಅಂದಿನಿಂದ ಗೆರೆ ಬಂದವರನ್ನೆಲ್ಲ ಪಿಸಿಆರ್‌ಗೆ ಮತ್ತೆ ಕರೆಯತೊಡಗಿದೆ. ಹತ್ತು ಜನರಲ್ಲಿ ಮೂವರು ಬಂದರೆ ಹೆಚ್ಚು. ಉಳಿದವರು ಹೆದರಿ ಫೋನೇ ಎತ್ತಲಿಲ್ಲ.

ಆಮೇಲೆ ಹೊಳೆದ ಉಪಾಯ ಇದು. ಆಪರೇಷನ್ ಪೇಶಂಟ್ ಎಲ್ಲರಿಗೂ ಮೊದಲ ಸಲವೇ ಇನ್ನೊಂದು ಇಡಿಟಿಎ ಟ್ಯೂಬ್ (ರಕ್ತ ಹೆಪ್ಪುಗಟ್ಟದಂತೆ ಇಡುವ ಟ್ಯೂಬ್) ರಕ್ತ ತೆಗೆಯೋದು. ಆರು ಗಂಟೆಯೊಳಗೆ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ಭಾಗ, ಬೇರೆ ಮಾಡಿ ಫ್ರೀಜರ್‌ಗೆ. ಗೆರೆ ಬಂದರೆ ಅದೇ ಪ್ಲಾಸ್ಮಾ ಪಿಸಿಆರ್‌ಗೆ ಹೋಗುತ್ತದೆ, ಸೂಜಿ ಮತ್ತೆ ಚುಚ್ಚಬೇಕಿಲ್ಲ. ಇಳಕಲ್ಲಿನ ಗೆಳೆಯ ನಕ್ಕ: "ನೂರು ಜನರಿಗೆ ಟ್ಯೂಬ್ ಹಾಳು ಮಾಡ್ತಿ, ಒಬ್ಬಂದು ಬರತೈತಿ." ಟ್ಯೂಬಿಗೆ ನಾಲ್ಕೈದು ರೂಪಾಯಿ. ತಿಂಗಳಿಗೆ ಎಂಟುನೂರರ ಒಳಗೆ. ಒಂದು ಪೇಶಂಟ್ ಕೈ ತಪ್ಪಿದರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ, ಲೆಕ್ಕ ಹಾಕಿ ನೋಡಿ.

ಶುರುವಿನಲ್ಲಿ ಹಾಳಾಗಿದ್ದೂ ಇದೆ. ಲ್ಯಾಬಿನ ಹುಡುಗ ಒಂದು ದಿನ ಇಡಿಟಿಎ ಬದಲು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಹಾಕುವ ಇನ್ನೊಂದು ಔಷಧ) ಟ್ಯೂಬಿನಲ್ಲಿ ತೆಗೆದ, ಹೆಪಾರಿನ್ ಪಿಸಿಆರ್ ತಡೆಯುತ್ತದೆ, ಫಲಿತಾಂಶವೇ ಬರಲಿಲ್ಲ. ಇನ್ನೊಮ್ಮೆ ಕರೆಂಟ್ ಹೋಗಿ ಪ್ಲಾಸ್ಮಾ ಬೇರೆ ಮಾಡುವ ಸೆಂಟ್ರಿಫ್ಯೂಜ್ ನಿಂತು ರಾತ್ರಿಯಿಡೀ ರಕ್ತ ಹಾಗೇ ಉಳಿಯಿತು. ಎರಡಕ್ಕೂ ನಾನೇ ದುಡ್ಡು ಕಟ್ಟಿದೆ. ಮಂಜುಗಡ್ಡೆ ಪ್ಯಾಕ್ ಮಾಡಿ ಬಸ್ಸಿಗೆ ಹಾಕುವ ನನ್ನ ವಿಧಾನ ಮಾತ್ರ ಇಲ್ಲಿ ಹೇಳಲ್ಲ, ಅದು ಲ್ಯಾಬಿನ ಗುಟ್ಟು.

ಸುಮ್ನೆ ಕುತೂಹಲಕ್ಕೆ ಒಮ್ಮೆ ನೆಗೆಟಿವ್ ಅಂತ ಗೊತ್ತಿದ್ದ ಹತ್ತು ಜನರ ರಕ್ತದ ಕಾರ್ಡ್‌ಗಳನ್ನು ಎಸೆಯದೆ ಒಂದು ಗಂಟೆ ಬಿಟ್ಟು ನೋಡಿದೆ. ಎರಡರಲ್ಲಿ ತೆಳು ಗೆರೆ! ಹೊತ್ತು ಮೀರಿ ಓದಿ ಎಷ್ಟು ಮಂದಿಯನ್ನು ಹೆದರಿಸಿದ್ದೇವೋ.

ಮೂರು ವರ್ಷದಲ್ಲಿ ಸುಮಾರು ನಲವತ್ತು ಗೆರೆ ಬಂದಿರಬೇಕು. ಹದಿನಾಲ್ಕೋ ಹದಿನೈದೋ ಜನರಲ್ಲಿ ವೈರಸ್ ಇರಲಿಲ್ಲ. ಅವರಲ್ಲಿ ಕೆಲವರ ಎಲೈಸಾ ಅನುಪಾತ (ಆಂಟಿಬಾಡಿ ಅಳತೆ ಪಾಸಿಟಿವ್ ಗಡಿಯ ಎಷ್ಟು ಪಟ್ಟು ಅನ್ನೋದು) 1.2, 1.5 ಅಷ್ಟೇ, ಬೇರೆ ಕಂಪನಿ ಕಿಟ್‌ನಲ್ಲಿ ನೆಗೆಟಿವ್. ಅವು ಸುಳ್ಳು ಗೆರೆ. ಗುಳೇದಗುಡ್ಡದ ಅಮ್ಮನದು ಹದಿನಾಲ್ಕರ ಹತ್ತಿರ, ಅದು ನಿಜವಾದ ಹಳೇ ಗುರುತು. ಹನ್ನೆರಡು ವಾರ ಮಾತ್ರೆ ಮುಗಿಸಿ ಗುಣವಾದವರಿಗೂ ಗೆರೆ ಬರುತ್ತಲೇ ಇರುತ್ತದೆ, ಅವರಿಗೆ ಕಾರ್ಡ್ ಹಾಕೋದೇ ದಂಡ.

ಡಯಾಲಿಸಿಸ್‌ನವರ ವಿಷಯದಲ್ಲಿ ಹುಷಾರು. ಒಬ್ಬರಿಗೆ ಆರ್‌ಎನ್‌ಎ ಇಲ್ಲ ಅಂತ ಬಂದಿತ್ತು. ಆರು ತಿಂಗಳ ಮೇಲೆ ಮತ್ತೆ ಮಾಡಿದಾಗ ಇತ್ತು. ಹಳೇ ಗೆರೆ ಹೊಸ ವೈರಸ್ಸನ್ನು ತಡೆಯಲ್ಲ. 2018ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಪುಕ್ಕಟೆ, ಅವರನ್ನು ಅಲ್ಲಿಗೇ ಕಳಿಸಿದೆ.

ಈಗ ನನ್ನ ರಿಪೋರ್ಟಿನಲ್ಲಿ 'ಪಾಸಿಟಿವ್' ಅನ್ನೋ ಒಂದೇ ಪದ ಇರಲ್ಲ. 'ಆಂಟಿಬಾಡಿ ರಿಯಾಕ್ಟಿವ್, ಆರ್‌ಎನ್‌ಎ ಬಾಕಿ' ಅಂತ ಮೊದಲು, ಆಮೇಲೆ ಕನ್ನಡದಲ್ಲಿ ಎರಡು ಸಾಲು. ನನ್ನನ್ನು ಬೈದಿದ್ದ ಸರ್ಜನ್ ಒಬ್ಬರು ಹೋದ ವಾರ ಫೋನ್ ಮಾಡಿ, "ಹಳೇ ಗೆರಿನೋ, ಹೊಸದೋ?" ಅಂತ ಕೇಳಿದರು. ಇಳಕಲ್ಲಿನವನೂ ಎರಡನೇ ಟ್ಯೂಬ್ ತೆಗೆಯೋಕೆ ಶುರು ಮಾಡಿದ್ದಾನಂತೆ, ನನಗೆ ಹೇಳಿಲ್ಲ.