ನಾಲಿಗೆಯಡಿಯ ಹನಿ: ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮಳೆಗಾಲ ಶುರುವಾಯಿತೆಂದರೆ ನನಗೆ ಬೆಳಗಾಗುತ್ತಿದ್ದುದೇ ಸೀನಿನಿಂದ. ಎದ್ದು ಕೂರುವಷ್ಟರಲ್ಲಿ ಹತ್ತು ಹದಿನೈದು ಸೀನು. ಲೋಕಲ್‌ನಲ್ಲಿ ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ಕರ್ಚೀಫಿಗೆ. ವರ್ಷಗಟ್ಟಲೆ ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ನುಂಗಿದೆ. ನುಂಗಿದ ದಿನ ಆರಾಮ, ಬಿಟ್ಟರೆ ಮತ್ತೆ ಅದೇ.

ಕೊನೆಗೆ ಅಲರ್ಜಿ ಡಾಕ್ಟರ ಹತ್ತಿರ ಹೋದೆ. ಪರೀಕ್ಷೆಗೆ ಒಂದು ವಾರ ಮುಂಚೆ ಸೆಟಿರಿಜಿನ್ ನಿಲ್ಲಿಸಲು ಹೇಳಿದರು. ಇಲ್ಲದಿದ್ದರೆ ಚರ್ಮದ ಮೇಲೆ ಏನೂ ಏಳುವುದಿಲ್ಲ. ಮುಂಗೈ ಮೇಲೆ ಅಲರ್ಜಿ ತರಬಲ್ಲ ಬೇರೆ ಬೇರೆ ವಸ್ತುಗಳ ಹನಿ ಸಾಲಾಗಿ ಇಟ್ಟು, ಒಂದೊಂದರಲ್ಲೂ ಸೂಜಿ ಮೆಲ್ಲಗೆ ಚುಚ್ಚಿದರು. 15 ನಿಮಿಷದಲ್ಲಿ ಒಂದು ಕಡೆ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದಿತು, ಸುತ್ತ ಕೆಂಪು. ಸ್ಕೇಲ್ ಇಟ್ಟು ಅಳೆದರು, 7 ಮಿ.ಮೀ. 3 ಮಿ.ಮೀ. ಇದ್ದರೇ ಅಲರ್ಜಿ ಅಂತ ಲೆಕ್ಕ. ಅದು ಡಸ್ಟ್ ಮೈಟ್, ಅಂದರೆ ಧೂಳಿನ ಹುಳದ ಹನಿ. ಇಷ್ಟು ದಿನ ರಸ್ತೆ ಹೊಗೆಯನ್ನು ಬೈಯುತ್ತಿದ್ದೆ, ಹುಳ ನನ್ನ ದಿಂಬಿನಲ್ಲೇ ಇತ್ತು. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿಯೇ ಅದರ ಊಟ. ಜೊತೆಗೆ ತೇವ ಬೇಕು, ಮುಂಬೈ ಹವೆಯಲ್ಲಿ ಅದು ಧಾರಾಳ. ಈ ಪರೀಕ್ಷೆ ಮಾಡಿಸದೆ ಯಾರೂ ನಾಲಿಗೆಯಡಿ ಹಾಕುವ ಅಲರ್ಜಿ ಮದ್ದಿನ ಹನಿ ಶುರು ಮಾಡಬಾರದು ಅಂತ ನನಗನ್ನಿಸುತ್ತದೆ.

ಯಾವುದು ಅಲರ್ಜಿಯೋ ಅದನ್ನೇ ದಿನಾ ಚೂರು ಚೂರು ಕೊಟ್ಟು ಮೈಗೆ ರೂಢಿ ಮಾಡಿಸುವ ಚಿಕಿತ್ಸೆ ಇದು. ಇಂಜೆಕ್ಷನ್ ರೂಪದಲ್ಲಿ 1911ರಿಂದಲೂ ಇದೆ. ಮತ್ತೆ ಮತ್ತೆ ಕ್ಲಿನಿಕ್‌ಗೆ ಓಡಾಡಲು ನನ್ನ ಕೆಲಸದಲ್ಲಿ ಆಗದು, ಅದಕ್ಕೇ ಹನಿ. ಮೊದಲ ದಿನ ಕ್ಲಿನಿಕ್‌ನಲ್ಲೇ ಹಾಕಿ ಅರ್ಧ ಗಂಟೆ ಕೂರಿಸಿಕೊಂಡರು. ಉಬ್ಬಸ ಹತೋಟಿಯಲ್ಲಿ ಇಲ್ಲದವರಿಗೆ ಇದನ್ನು ಶುರು ಮಾಡುವುದಿಲ್ಲ, ನನ್ನ ಉಸಿರಾಟವನ್ನೂ ಊದಿಸಿ ನೋಡಿದ್ದರು.

ಆಮೇಲೆ ಮನೆಯಲ್ಲಿ. ಬಾಟಲಿ ಫ್ರಿಜ್‌ನಲ್ಲಿ. ಬೆಳಿಗ್ಗೆ ಹನಿ ಹಾಕಿಕೊಂಡು ಎರಡು ನಿಮಿಷ ನಾಲಿಗೆ ಕೆಳಗೇ ಇಟ್ಟು ನುಂಗಬೇಕು, ಮಾತಾಡುವಂತಿಲ್ಲ. ಕಾರ್ಕಳದಿಂದ ಅಮ್ಮನ ಫೋನ್ ಸರಿಯಾಗಿ ಆಗಲೇ ಬರುತ್ತಿತ್ತು. ಮಗಳು ಎತ್ತಿ, "ಅಜ್ಜಿ, ಪಪ್ಪ ಬಾಯಲ್ಲಿ ಮದ್ದು ಇಟ್ಕೊಂಡಿದ್ದಾರೆ, ಆಮೇಲೆ ಮಾಡ್ತಾರೆ" ಅನ್ನುತ್ತಿದ್ದಳು.

ಮೊದಲ ಎರಡು ವಾರ ನಾಲಿಗೆಯಡಿ ತುರಿಕೆ. ತಾನಾಗಿಯೇ ಹೋಯಿತು. ಹಲ್ಲು ಕೀಳಿಸಿದಾಗ ಡಾಕ್ಟರನ್ನು ಕೇಳಿ, ಗಾಯ ಮಾಯುವ ತನಕ ನಿಲ್ಲಿಸಿದ್ದೆ. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುತ್ತೇವೆ. ಮೂಗಿನ ಸ್ಪ್ರೇ ಕೂಡಲೇ ಬಿಡಲಿಲ್ಲ.

ಮೊದಲ ಮಳೆಗಾಲದಲ್ಲಿ ಅಂಥ ವ್ಯತ್ಯಾಸ ಕಾಣದೆ ಬೇಜಾರಾಗಿತ್ತು. ಮೂರು ವರ್ಷದ ಲೆಕ್ಕ ಇದು, ನಡುವೆ ಬಿಡಬೇಡಿ ಅಂದರು ಡಾಕ್ಟರು. ಎರಡನೆಯ ಮಳೆಗಾಲದಲ್ಲಿ ಸೀನು ಎರಡು ಮೂರಕ್ಕೆ ಇಳಿಯಿತು. ಈಗ ಮೂರನೆಯದು ನಡೆಯುತ್ತಿದೆ. ಜೂನ್‌ನಲ್ಲಿ ತಂದ ಸೆಟಿರಿಜಿನ್ ಸ್ಟ್ರಿಪ್‌ನಲ್ಲಿ ಇನ್ನೂ ಆರು ಮಾತ್ರೆ ಉಳಿದಿವೆ.